ಪ್ರಶ್ನೋತ್ತರ: ಪಾದದ ಹುಣ್ಣು, ಮುಚ್ಚಿದ ಬಾಗಿಲು

ನಿರ್ವಾಹಕರು: ಮಧುಮೇಹಿಗಳ ಪಾದದ ಗಾಯಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರು ಇಂದು ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಗಾಯದ ಚಿತ್ರ ಹಾಕಬೇಡಿ.

ನಿವೃತ್ತ ಮೇಷ್ಟ್ರು: ಉಪ್ಪು ಹಾಕಿದ ಬಿಸಿನೀರಿನಲ್ಲಿ ದಿನವೂ ಕಾಲು ನೆನೆಸಿದರೆ ಹುಣ್ಣು ಮಾಯುತ್ತದೆ ಎಂಬ ಸಂದೇಶ ಬಂದಿದೆ. ನಿಜವೇ?

ಡಾಕ್ಟರ್: ನಿಜವಲ್ಲ. ಮಧುಮೇಹದಿಂದ ನರ ಕೆಟ್ಟು ಸ್ಪರ್ಶ ತಿಳಿಯದ ಕಾಲಿಗೆ ನೀರು ಸುಡುವುದೂ ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣುತ್ತದೆ, ಅಷ್ಟೆ.

ಹೊಲಿಗೆಯವಳು: ಅಂಗಾಲಿನಲ್ಲಿ ಹುಣ್ಣಾಗಿ ಐದು ತಿಂಗಳು. ನೋವೇ ಇಲ್ಲ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹೊಲಿಯಬಹುದೇ? ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ.

ಡಾಕ್ಟರ್: ಆ ಕಾಲಿನಿಂದ ತುಳಿಯಬೇಡಿ ಅಮ್ಮ. ನೋವಿಲ್ಲದಿರುವುದೇ ನಿಮ್ಮ ಕಾಯಿಲೆ, ಗುಣದ ಲಕ್ಷಣವಲ್ಲ. ಯಂತ್ರಕ್ಕೆ ಮೋಟಾರ್ ಹಾಕಿಸಿ ಇನ್ನೊಂದು ಕಾಲಿನಿಂದ ಒತ್ತಿ. ಆ ಕಾಲನ್ನೂ ದಿನಾ ರಾತ್ರಿ ನೋಡಿಕೊಳ್ಳಿ.

ದೊಡ್ಡ ಸೊಸೆ: ಮಾವನವರ ಬಲಗಾಲಿನ ಹುಣ್ಣು ಮಾಯಿತು. ಆದರೆ ನಾಲ್ಕು ದಿನದಿಂದ ಎಡಗಾಲು ಊದಿ ಕೆಂಪಾಗಿದೆ, ಮುಟ್ಟಿದರೆ ಬಿಸಿ. ಗಾಯವಿಲ್ಲ, ಜ್ವರವಿಲ್ಲ, ನೋವೂ ಅಷ್ಟಿಲ್ಲ. ಕಾದು ನೋಡಬಹುದೇ?

ಕಿರಿಮಗಳು: ಅಪ್ಪನ ಹೆಬ್ಬೆರಳ ಬುಡದಲ್ಲಿ ಏಳು ತಿಂಗಳ ಹುಣ್ಣು. ವಾಸನೆ ಬರುತ್ತದೆ ಎಂದು ಕೋಣೆ ಬಿಟ್ಟು ಬರುವುದಿಲ್ಲ. ಊಟವೂ ಅಲ್ಲೇ. ನಿನ್ನೆ ಮೊಮ್ಮಗಳು ಬಾಗಿಲು ತಳ್ಳಿದಾಗ ಹೊದಿಕೆಯನ್ನು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡು ಗೋಡೆಯ ಕಡೆ ತಿರುಗಿದರು. "ಕತ್ತರಿಸಿ ಹಾಕಲಿ, ಎಲ್ಲರಿಗೂ ನೆಮ್ಮದಿ" ಎನ್ನುತ್ತಾರೆ. ಯಾವ ಮುಲಾಮು ಒಳ್ಳೆಯದು?

ಡಾಕ್ಟರ್: ಮುಲಾಮಿನ ಮಾತು ಆಮೇಲೆ. ವಾಸನೆ ಹೊಸದಾಗಿ ಶುರುವಾಗಿದ್ದರೆ ಅಥವಾ ಹೆಚ್ಚಾಗಿದ್ದರೆ ಒಳಗೆ ಸೋಂಕೋ ಸತ್ತ ಮಾಂಸವೋ ಇರಬಹುದು. ನಾಳೆ ಬೆಳಿಗ್ಗೆಯೇ ತೋರಿಸಿ. ಜ್ವರ, ನಡುಕ, ಹಬ್ಬುತ್ತಿರುವ ಕೆಂಪು, ಕಪ್ಪಾದ ಬೆರಳು ಕಂಡರೆ ಇಂದು ರಾತ್ರಿಯೇ. ಸತ್ತ ಮಾಂಸ ತೆಗೆದು, ಇದ್ದಿಲಿನ ಪದರವಿರುವ ಪಟ್ಟಿ ಕಟ್ಟಿದರೆ ವಾಸನೆ ತಗ್ಗುತ್ತದೆ. ಇದನ್ನು ಕೇಳಿ ಪಡೆಯಿರಿ. ಗಾಯ ಎಷ್ಟು ಸೆಂಟಿಮೀಟರ್ ಎಂದು ನಾವು ಡಾಕ್ಟರುಗಳು ಪ್ರತಿ ಬಾರಿ ಅಳೆಯುತ್ತೇವೆ. ನಿದ್ದೆ ಬಂತೇ, ಯಾರ ಜೊತೆ ಕುಳಿತು ಉಂಡಿರಿ ಎಂದು ಕೇಳುವುದಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ.

ಕಾಲಿನ ಭಾರ ಇಳಿಸುವ ಬೂಟು ಕೊಟ್ಟಿದ್ದರೆ, ಮನೆಯೊಳಗೆ ಅದನ್ನು ಬಿಚ್ಚಿಡುತ್ತಾರೆಯೇ ನೋಡಿ. 2003ರ ಒಂದು ಅಧ್ಯಯನದಲ್ಲಿ ಸೊಂಟಕ್ಕೂ ಬೂಟಿಗೂ ಓಡಾಟ ಅಳೆಯುವ ಸಾಧನ ಇಟ್ಟು ನೋಡಿದರು. ದಿನದ ಒಟ್ಟು ಓಡಾಟದಲ್ಲಿ ರೋಗಿಗಳು ಬೂಟು ಹಾಕಿಕೊಂಡು ಓಡಾಡಿದ್ದು ಶೇ 28ರಷ್ಟು ಮಾತ್ರ. ಬೈಯಲೆಂದು ಇದನ್ನು ಹೇಳುತ್ತಿಲ್ಲ. ಶೌಚಾಲಯಕ್ಕೆ ಹತ್ತು ಹೆಜ್ಜೆ. ಅಷ್ಟಕ್ಕೆ ನಡುರಾತ್ರಿಯಲ್ಲಿ ಯಾರು ಬೂಟಿನ ಪಟ್ಟಿ ಬಿಗಿಯುತ್ತಾ ಕೂರುತ್ತಾರೆ? ಅದಕ್ಕೇ ಬಿಚ್ಚಲಾಗದ ಪ್ಲಾಸ್ಟರ್ ಇರುವುದು. ಸೋಂಕು ಹತೋಟಿಗೆ ಬಂದು ರಕ್ತಸಂಚಾರ ಸಾಕಷ್ಟಿದ್ದರೆ ಅದನ್ನು ಹಾಕಬಹುದೇ ಎಂದು ವಿಚಾರಿಸಿ.

"ಕತ್ತರಿಸಿ ಹಾಕಲಿ" ಎಂಬ ಮಾತನ್ನು ಹಾಗೆಯೇ ಬಿಡಬೇಡಿ. "ಬದುಕೇ ಬೇಡ ಅನ್ನಿಸುತ್ತದೆಯೇ ಅಪ್ಪ" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ಕೂಡಲೇ ಮನೋವೈದ್ಯರಿಗೆ ತೋರಿಸಿ.

ಸಂಜೆ ಮಲ್ಲಿಗೆ: ಉಪ್ಪುನೀರು ಉಗುರುಬೆಚ್ಚಗಿದ್ದರೆ ಆಗಬಹುದೇ?

ಡಾಕ್ಟರ್: ಬೇಡ. ನೆನೆಸುವುದೇ ಬೇಡ.

ನಿವೃತ್ತ ಮೇಷ್ಟ್ರು: ನಮ್ಮ ಅಣ್ಣನಿಗೆ ಉಪ್ಪುನೀರಿನಲ್ಲೇ ವಾಸಿಯಾಯಿತು. ಖರ್ಚಿಲ್ಲದ ಮದ್ದು ಡಾಕ್ಟರುಗಳಿಗೆ ಹಿಡಿಸುವುದಿಲ್ಲ.

ಬಸ್ ಚಾಲಕ: ಮೇಷ್ಟ್ರೇ, ಹೋದ ವರ್ಷ ಇದೇ ಗುಂಪಿಗೆ ನೀವು ಎಲೆಯ ರಸದ ಸಂದೇಶ ಹಾಕಿದಿರಿ. ಹಚ್ಚಿಕೊಂಡು ಮೂರು ವಾರ ಕಾದೆ. ಎರಡು ಬೆರಳು ಹೋದವು.

ನಿವೃತ್ತ ಮೇಷ್ಟ್ರು: ಬಂದದ್ದನ್ನು ಕಳಿಸಿದೆ. ಹಚ್ಚಿಕೊಳ್ಳಿ ಎಂದು ನಿಮ್ಮ ಮನೆಗೆ ಬಂದು ಹೇಳಿದೆನೇ? ಸಕ್ಕರೆ ಹತೋಟಿಯಲ್ಲಿ ಇಟ್ಟುಕೊಳ್ಳದೆ ನನ್ನ ತಲೆಗೆ ಕಟ್ಟುತ್ತೀರಿ.

ಕಿರಿಮಗಳು: ದಯವಿಟ್ಟು ಹಂಗಿಸಬೇಡಿ. ನಮ್ಮಪ್ಪ ಕೋಣೆ ಸೇರಿದ್ದಕ್ಕೆ ಇಂಥ ಮಾತೂ ಕಾರಣ.

ಬಸ್ ಚಾಲಕ: ಆಡಲಿ ಬಿಡು ತಂಗಿ. ನಾಳೆ ಇನ್ನೊಂದು ಎಲೆ ಕಳಿಸುತ್ತಾರೆ.

ಒಂಟಿ ಹಕ್ಕಿ: ನನ್ನ ಹುಣ್ಣು ಮಾಯ್ದು ಆರು ತಿಂಗಳಾಯಿತು. ಮತ್ತೆ ಬಂದೀತೆಂದು ರಾತ್ರಿ ಎದ್ದೆದ್ದು ದೀಪ ಹಾಕಿ ಕಾಲು ನೋಡುತ್ತೇನೆ. ಈ ಭಯಕ್ಕೆ ಏನಾದರೂ ಇದೆಯೇ?

ಸಂಜೆ ಮಲ್ಲಿಗೆ: ಆ ಎಲೆ ಯಾವುದು?

ಡಾಕ್ಟರ್: ಯಾವುದಾದರೇನು? ಎಲೆ, ಬೂದಿ, ಪುಡಿ ಒಂದೂ ಬೇಡ. ಆಣಿ ಕರಗಿಸುವ ಆಮ್ಲದ ಪಟ್ಟಿಯೂ ಬೇಡ. ಇನ್ನೊಮ್ಮೆ ಕೇಳಿದರೆ ಉತ್ತರಿಸುವುದಿಲ್ಲ.

ನಿರ್ವಾಹಕರು: ಮೇಷ್ಟ್ರೇ, ಚಾಲಕರೇ, ಇಬ್ಬರೂ ಸುಮ್ಮನಿರಿ.

ದೊಡ್ಡ ಸೊಸೆ: ನನ್ನ ಪ್ರಶ್ನೆ ಮೇಲೆಯೇ ಉಳಿಯಿತು. ಊದಿದ ಎಡಗಾಲು.

ಡಾಕ್ಟರ್: ಈಗ ನೋಡಿದೆ. ಎಲ್ಲಕ್ಕಿಂತ ಮೊದಲು ಉತ್ತರಿಸಬೇಕಾಗಿದ್ದದ್ದು ಇದಕ್ಕೆ, ನಿಮ್ಮೆಲ್ಲರ ಎಲೆ-ಉಪ್ಪಿನ ಜಗಳದಲ್ಲಿ ಹೂತುಹೋಯಿತು. ಕಾಯಬೇಡಿ. ಸ್ಪರ್ಶ ಕಳೆದುಕೊಂಡ ಪಾದ ಗಾಯವಿಲ್ಲದೆ ಊದಿ ಬಿಸಿಯಾದರೆ ಒಳಗೆ ಮೂಳೆ, ಕೀಲು ಕುಸಿಯುತ್ತಿರಬಹುದು. ಶಾರ್ಕೋ ಪಾದ ಎನ್ನುತ್ತೇವೆ. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ಅದನ್ನು ನಂಬಿ ನಡೆದಾಡಿದರೆ ಪಾದದ ಆಕಾರವೇ ಕೆಡುತ್ತದೆ. ಸೋಂಕು ಅಥವಾ ರಕ್ತ ಹೆಪ್ಪುಗಟ್ಟಿರುವುದು ಅಲ್ಲವೆಂದೂ ನೋಡಬೇಕು. ಪರೀಕ್ಷೆಯಾಗುವವರೆಗೆ ಆ ಪಾದದ ಮೇಲೆ ಭಾರ ಬೀಳಕೂಡದು, ಗಾಲಿಕುರ್ಚಿ ತರಿಸಿ. ಮಾವನವರು ಈಗ ಎಲ್ಲಿದ್ದಾರೆ?

ದೊಡ್ಡ ಸೊಸೆ: ಹುಣ್ಣು ಮಾಯ್ದ ಖುಷಿಗೆ ಎರಡು ಹೊತ್ತೂ ನಡೆಯಲು ಹೋಗುತ್ತಾರೆ. ಈಗಲೂ ಹೋಗಿದ್ದಾರೆ. ಮೊಬೈಲ್ ಇಲ್ಲೇ ಮೇಜಿನ ಮೇಲಿದೆ.