ಪದ ಬೇಕು: ಮನೆಯ ‘ವ್ಯಾಲ್ಯೂ’ ಬೆಲೆಯೋ ಮೌಲ್ಯವೋ? (ಇವತ್ತು ಸಂಜೆಯೊಳಗೆ)

ಅನುವಾದಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮನೆಮನೆಗೆ ಹೋಗಿ ಕೇಳುವ ಒಂದು ಸಮೀಕ್ಷೆಯ ಪ್ರಶ್ನಾವಳಿಯನ್ನೂ ಅದರ ವರದಿಯನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಕಡತ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವುದು ‘ಹೋಮ್ ವ್ಯಾಲ್ಯೂ’ ಹತ್ತಿರ. ವರದಿಯ ಹೆಸರಿನಲ್ಲೇ ಅದು ಕೂತಿದೆ.

ಮೊದಲು ‘ಮನೆಯ ಮೌಲ್ಯಗಳ ಮಾಪನ’ ಎಂದು ಬರೆದೆ. ನಮ್ಮ ಮನೆಯವರು ಓದಿ, “ಸುಳ್ಳು ಹೇಳಬಾರದು, ದೊಡ್ಡವರಿಗೆ ಎದುರಾಡಬಾರದು, ಅಂಥ ಮೌಲ್ಯಗಳಾ?” ಎಂದು ಕೇಳಿದರು. ‘ಮನೆಗಳ ಮೌಲ್ಯಮಾಪನ’ ಎಂದು ತಿದ್ದಿದೆ. ಈಗ ಅದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕೆಲಸದ ಹಾಗೆ ಕಾಣುತ್ತಿದೆ. ‘ಮನೆ ಸರ್ವೆ’ ಅಂದರೆ ಜಾಗ ಅಳೆಯುವವರು ಚೈನು ಹಿಡಿದು ಬಂದಂತೆ. ‘ಮನೆ ಅಳತೆ’ ಅಂದರೆ ಚದರಡಿ.

ಒಂದೇ ಕೋಷ್ಟಕದಲ್ಲಿ ನಾಲ್ಕು ಅಂಕಣ ಇವೆ. ಮನೆಯವರು ತಾವೇ ಹೇಳಿದ ವ್ಯಾಲ್ಯೂ ಒಂದು. ತೆರಿಗೆಗಾಗಿ ಗೊತ್ತುಮಾಡಿದ ವ್ಯಾಲ್ಯೂ ಇನ್ನೊಂದು. ನಿಜಕ್ಕೂ ಮಾರಾಟವಾಗಿದ್ದರೆ ಕೈಬದಲಾದ ಹಣ ಮೂರನೆಯದು. ಕೊನೆಗೆ ‘ಇಂಪ್ಯೂಟೆಡ್ ರೆಂಟ್’, ಅಂದರೆ ಸ್ವಂತ ಮನೆಗೆ ಊಹಿಸಿ ಲೆಕ್ಕ ಹಾಕುವ ಬಾಡಿಗೆ. ಅಕ್ಕಪಕ್ಕದ ಅಂಕಣಗಳಾದ್ದರಿಂದ ಒಂದೇ ಪದ ಮೂರು ಕಡೆ ಹಾಕಲು ಆಗುವುದಿಲ್ಲ. ದಯವಿಟ್ಟು ಬೇಗ ಹೇಳಿ.

ಎರಡಕ್ಷರ ಬರೆದದ್ದು:

ಮೌಲ್ಯ. ಹಿಂದೆ ಬೇಕಾದ ವಿಶೇಷಣ ಹಚ್ಚಿಕೊಳ್ಳಿ. ಇದಕ್ಕೊಂದು ಚರ್ಚೆ ಬೇಕಿತ್ತಾ?

ಅಚ್ಚಗನ್ನಡಿಗ ಬರೆದದ್ದು:

ಮೌಲ್ಯ ಬೇಡವೇ ಬೇಡ. ಅದು ಸಂಸ್ಕೃತದ ‘ಮೂಲ್ಯ’ದ ನಂಟ, ಅದರ ಹಿಂದಿರುವುದು ‘ಮೂಲ’. ನಮ್ಮದು ಬೆಲೆ. ತಮಿಳಿನ ವಿಲೈ, ಮಲಯಾಳದ ವಿಲ, ತೆಲುಗಿನ ವೆಲ ಎಲ್ಲ ಒಂದೇ ಬಳ್ಳಿ. ತಮಿಳಿನಲ್ಲಿ ‘ವಿಲ್’ ಅಂದರೆ ಮಾರು. ಅಲ್ಲಿನ ವಕಾರ ಇಲ್ಲಿ ಬಕಾರ ಆಗುವುದನ್ನು ಈ ಗುಂಪಿನಲ್ಲಿ ಬಿಡಿಸಿ ಹೇಳಬೇಕಿಲ್ಲ. ‘ಮನೆ’ಯೂ ನಮ್ಮದೇ. ಆದ್ದರಿಂದ ಮನೆಬೆಲೆ. ಮುಗಿಯಿತು.

ಬೆಲೆಗೆ ‘ಪ್ರೈಸ್’ ಅಂತ ಮಾತ್ರ ಅರ್ಥ ಎನ್ನುವವರು ಶಾಲೆಯ ಗಣಿತ ನೆನೆಯಲಿ. ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ’ ಎಂದು ಕಲಿತಿದ್ದೇವೆಯೇ ಹೊರತು ಎಕ್ಸನ್ನು ಯಾರೂ ಕೊಂಡುಕೊಂಡಿರಲಿಲ್ಲ. ಉಳಿದ ಪದಗಳೂ ಸಿದ್ಧ ಇವೆ: ಮಾಲೀಕನಿಗೆ ಒಡೆಯ, ಸಮೀಕ್ಷೆಗೆ ಮನೆಯೆಣಿಕೆ, ಮಾರ್ಕೆಟ್ ವ್ಯಾಲ್ಯೂಗೆ ರೂಢಿಬೆಲೆ.

ಲೆಕ್ಕಿಗ ಬರೆದದ್ದು:

ರೂಢಿಬೆಲೆ ಬೇಡ. ಗಣಿತದ ಪಠ್ಯಗಳಲ್ಲಿ ಅದು ‘ಮೋಡ್’ಗೆ ಆಗಲೇ ಬಳಕೆಯಲ್ಲಿದೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ಸಲ ಬರುವ ಅಂಕೆ. ಇದು ಸಂಖ್ಯೆಗಳ ವರದಿ, ಗೊಂದಲ ಖಂಡಿತ. ಮನೆಯೆಣಿಕೆಯೂ ಬೇಡ. ಎಣಿಕೆ ಅಂದರೆ ಒಂದನ್ನೂ ಬಿಡದೆ ಎಣಿಸುವುದು. ಸಮೀಕ್ಷೆಯಲ್ಲಿ ಕೆಲವೇ ಮನೆಗಳನ್ನು ಆರಿಸಿ ಕೇಳುತ್ತಾರೆ.

ಪದಕ್ಕಿಂತ ಮೊದಲು ವಸ್ತು ಏನು ಎಂದು ನೋಡೋಣ. ಅಮೆರಿಕದ ಕಮ್ಯೂನಿಟಿ ಸರ್ವೆಯ ಪ್ರಶ್ನೆ ಹೀಗೆ: ಈ ಮನೆಯನ್ನು ಜಾಗದ ಸಮೇತ ಮಾರಾಟಕ್ಕಿಟ್ಟರೆ ಎಷ್ಟಕ್ಕೆ ಹೋಗಬಹುದು ಎಂದು ನಿಮಗನ್ನಿಸುತ್ತದೆ? ಇಲ್ಲಿ ಮಾರಾಟ ಆಗಿಲ್ಲ. ಬೆಲೆ ಕಟ್ಟಲು ಬಲ್ಲವರು ಯಾರೂ ಬಂದಿಲ್ಲ. ಒಳಗೆ ವಾಸವಿರುವವರ ಮನಸ್ಸಿನ ಲೆಕ್ಕ ಅಷ್ಟೆ. ಬಾಡಿಗೆಗೆ ಇರುವವರನ್ನು ಈ ಪ್ರಶ್ನೆ ಕೇಳುವುದೂ ಇಲ್ಲ, ಅವರಿಗೆ ಬಾಡಿಗೆ ಎಷ್ಟು ಎಂದು ಕೇಳುತ್ತಾರೆ.

ಆ ಮನಸ್ಸಿನ ಲೆಕ್ಕ ಎಷ್ಟು ಸರಿ ಎಂಬುದು ಹಳೆಯ ಪ್ರಶ್ನೆ. 1954ರಲ್ಲಿ ಕಿಶ್ ಮತ್ತು ಲ್ಯಾನ್ಸಿಂಗ್ ಎಂಬ ಸಂಶೋಧಕರು, ಮನೆಯವರು ಹೇಳಿದ್ದನ್ನು ಬೆಲೆ ಕಟ್ಟುವವರು ಹೇಳಿದ್ದರ ಪಕ್ಕ ಇಟ್ಟು ನೋಡಿದರು. ಸರಾಸರಿಯಲ್ಲಿ ಮನೆಯವರದು ಹೆಚ್ಚುಕಡಿಮೆ 4% ಜಾಸ್ತಿ ಇತ್ತು. 1992ರಲ್ಲಿ ಗುಡ್‌ಮನ್ ಮತ್ತು ಇಟ್ನರ್ ಆಮೇಲೆ ನಿಜವಾಗಿ ಮಾರಾಟವಾದ ಹಣದ ಜೊತೆ ಹೋಲಿಸಿದಾಗ 6%ದಷ್ಟು ಜಾಸ್ತಿ ಬಂತು. ಒಂದೊಂದೇ ಮನೆ ಹಿಡಿದರೆ ತಪ್ಪು ದೊಡ್ಡದು. ಒಬ್ಬರು ಏರಿಸಿ ಹೇಳುತ್ತಾರೆ, ಇನ್ನೊಬ್ಬರು ಇಳಿಸಿ, ಒಟ್ಟು ಹಾಕಿದಾಗ ಬಹಳಷ್ಟು ಕಳೆದುಹೋಗುತ್ತದೆ. ಉಳಿಯುವುದು ತನ್ನ ಮನೆ ಎಂಬ ಅಭಿಮಾನದ ಆ ಸ್ವಲ್ಪ ಏರು. ಹಾಗಾಗಿ ಅನುವಾದದಲ್ಲಿ ‘ಅನ್ನಿಸುತ್ತದೆ’ ಎಂಬ ಅಂಶ ಬಿದ್ದುಹೋದರೆ ಅಂಕೆಯೇ ಸುಳ್ಳಾಗುತ್ತದೆ.

ವರದಿಯಲ್ಲಿ ‘ಮೀಡಿಯನ್’, ಅಂದರೆ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ, ಬಂದೇ ಬರುತ್ತದೆ, ಯಾಕೆಂದರೆ ನಾಲ್ಕು ಬಂಗಲೆಗಳು ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತವೆ. ಅದಕ್ಕೆ ‘ಮಧ್ಯಾಂಕ’ ಹಾಕಿ. ‘ಸರಾಸರಿ’ ಎಂದು ಹಾಕಬೇಡಿ.

ಹಳೇ ಮೇಷ್ಟ್ರು ಬರೆದದ್ದು:

‘ಮಾರುಕಟ್ಟೆ ಮೌಲ್ಯ’ ಎಂದು ಎಲ್ಲೆಲ್ಲೂ ಬರೆಯುತ್ತಾರೆ. ಮಾರು ಕನ್ನಡ, ಕಟ್ಟೆ ಕನ್ನಡ, ಮೌಲ್ಯ ಸಂಸ್ಕೃತ. ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆಸೆದ ದೋಷದ ಸಮಾಸ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ತೆರಿಗೆ ಕೋಷ್ಟಕಕ್ಕೆ ಕೊಟ್ಟಿಲ್ಲ.

ಎರಡಕ್ಷರ ಬರೆದದ್ದು:

ನಡುವೆ ಜಾಗ ಬಿಟ್ಟು ಬರೆದರೆ ಎರಡು ಪದ, ಮೇಷ್ಟ್ರೇ. ಸಮಾಸವೇ ಇಲ್ಲದ ಕಡೆ ಅರಿ ಎಲ್ಲಿಂದ ಬಂತು?

ಹಳೇ ಮೇಷ್ಟ್ರು ಬರೆದದ್ದು:

ಜಾಗ ಬಿಡುವುದು ಅಚ್ಚಿನವನ ಕೆಲಸ, ವ್ಯಾಕರಣದ್ದಲ್ಲ. ಉಸಿರು ಒಂದೇ ಆದರೆ ಪದವೂ ಒಂದೇ.

ಅನುವಾದಕಿ ಬರೆದದ್ದು:

ಈಗ ಗಂಟೆ ಮೂರು. ಲೆಕ್ಕಿಗರೇ, ಧನ್ಯವಾದ, ಇದು ನನಗೆ ನಿಜವಾಗಿ ಬೇಕಿತ್ತು. ಈಗ ‘ಮಾಲೀಕರು ಹೇಳಿದ ಬೆಲೆ’ ಎಂದು ಹಾಕಿದ್ದೇನೆ. ಸರಿ ತಾನೆ?

ಕರಡು ತಿದ್ದುವವ ಬರೆದದ್ದು:

ಸರಿಯಿಲ್ಲ. ‘ಹೇಳಿದ ಬೆಲೆ’ ಅಂದರೆ ಕನ್ನಡದಲ್ಲಿ ಚೌಕಾಸಿಯ ಮೊದಲ ಬೆಲೆ. ಹೇಳೋದೊಂದು, ಕೊಡೋದೊಂದು ಅಂತೀವಲ್ಲ, ಅದು. ಓದುವವರು ಈ ಮನೆಗಳೆಲ್ಲ ಮಾರಾಟಕ್ಕಿವೆ ಅಂದುಕೊಳ್ಳುತ್ತಾರೆ. ‘ಮಾಲೀಕರ ಅಂದಾಜು ಬೆಲೆ’ ಎಂದು ಮಾಡಿ. ಮಾರಾಟದ ಅಂಕಣಕ್ಕೆ ‘ಕ್ರಯ’ ಇದ್ದೇ ಇದೆ, ಕ್ರಯಪತ್ರ ಎಲ್ಲರಿಗೂ ಗೊತ್ತಿರುವ ಪದ. ತೆರಿಗೆಯದಕ್ಕೆ ‘ತೆರಿಗೆಗೆ ಹಿಡಿದ ಬೆಲೆ’. ಮೂರು ಅಂಕಣ, ಮೂರು ಬೇರೆ ಮಾತು.

ಇನ್ನೊಂದು ನೋಡಿ. ‘ಹೌಸ್‌ಹೋಲ್ಡ್’ಗೆ ‘ಕುಟುಂಬ’ ಎಂದು ಬರೆದಿದ್ದರೆ ಪ್ರಶ್ನಾವಳಿಯ ಮೇಲೆಯೇ ಒಂದು ಸಾಲಿನ ವಿವರಣೆ ಹಾಕಿ. ಒಂದೇ ಸೂರಿನಡಿ ಒಟ್ಟಿಗೆ ಬದುಕುವವರು, ಅಡುಗೆ ಒಂದೇ ಇರುವವರು ಎಂಬುದು ಅಲ್ಲಿನ ಅರ್ಥ. ರಕ್ತಸಂಬಂಧ ಇರಲೇಬೇಕಿಲ್ಲ. ‘ಮನೆಮಂದಿ’ ಇನ್ನೂ ಹತ್ತಿರ.

ಅಚ್ಚಗನ್ನಡಿಗ ಬರೆದದ್ದು:

‘ಮಾಲೀಕ’ ಅರಬ್ಬಿ. ‘ಅಂದಾಜು’ ಪಾರ್ಸಿ. ‘ಕ್ರಯ’ ಸಂಸ್ಕೃತ. ಮೂರು ಅಂಕಣಕ್ಕೆ ಮೂರು ನುಡಿಗಳಿಂದ ಸಾಲ ತಂದು ಅದನ್ನು ಕನ್ನಡದ ಕೋಷ್ಟಕ ಅನ್ನುತ್ತೀರಿ. ಭಲೆ! ‘ಒಡೆಯರ ಸುಮಾರು ಬೆಲೆ’ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ?

ಕರಡು ತಿದ್ದುವವ ಬರೆದದ್ದು:

‘ಸುಮಾರು’ ಕೂಡ ಪಾರ್ಸಿಯೇ, ಸ್ವಾಮಿ. ಅಲ್ಲಿನ ‘ಶುಮಾರ್’, ಎಣಿಕೆ ಅಂತ ಅರ್ಥ. ‘ಬಾಡಿಗೆ’ಯನ್ನೂ ಬಿಡಬೇಕಾಗುತ್ತದೆ, ಅದು ‘ಭಾಟಕ’ದಿಂದ ಇಳಿದು ಬಂದದ್ದು. ಹಾಗೆ ಜರಡಿ ಹಿಡಿಯುತ್ತಾ ಹೋದರೆ ಕೊನೆಗೆ ಮನೆ ಉಳಿಯುತ್ತದೆ, ಒಳಗೆ ಸಾಮಾನು ಇರುವುದಿಲ್ಲ. ‘ಒಡೆಯ’ ಅಂದ ಕೂಡಲೇ ನನಗೆ ಕಾಣುವುದು ಪಲ್ಲಕ್ಕಿ. ಎರಡು ಕೋಣೆಯ ಮನೆಯವರನ್ನು ಹಾಗೆ ಕರೆದರೆ ಅವರೇ ನಗುತ್ತಾರೆ.

ಅಚ್ಚಗನ್ನಡಿಗ ಬರೆದದ್ದು:

ನಕ್ಕರೆ ನಗಲಿ. ನೂರು ಸಲ ಬಳಸಿದರೆ ನಗು ನಿಲ್ಲುತ್ತದೆ. ‘ಮೌಲ್ಯಮಾಪನ’ವನ್ನು ಮೊದಲ ಸಲ ಕೇಳಿದಾಗ ಯಾರೂ ನಗಲಿಲ್ಲವೇನು? ಸಂಸ್ಕೃತದ್ದಾದರೆ ಮರ್ಯಾದೆ, ಕನ್ನಡದ್ದಾದರೆ ನಗು. ಇದು ಪದದ ತಪ್ಪಲ್ಲ, ಕಿವಿಯ ತಪ್ಪು.

ಹಳೇ ಮೇಷ್ಟ್ರು ಬರೆದದ್ದು:

ಕಿವಿಯ ಮಾತು ಒಪ್ಪಿದೆ. ಆದರೆ ಸಾಲ ಹೊಸ ರೋಗವಲ್ಲ. ಕೇಶಿರಾಜ 13ನೇ ಶತಮಾನದಲ್ಲೇ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಬಂದ ಪದ ಯಾವ ದಾರಿಯಲ್ಲಿ ಕನ್ನಡವಾಗುತ್ತದೆ ಎಂದು ತೋರಿಸಿದ. ಬಾಗಿಲು ಹಾಕಿರಲಿಲ್ಲ. ‘ಭಾಟಕ’ವನ್ನು ಅದೇ ರೂಪದಲ್ಲಿ ಬರೆದರೆ ನನ್ನ ತಕರಾರು, ‘ಬಾಡಿಗೆ’ ಆದ ಮೇಲೆ ಇಲ್ಲ.

ಎರಡಕ್ಷರ ಬರೆದದ್ದು:

ಮೇಷ್ಟ್ರೇ, ‘ತಕರಾರು’ ಅರಬ್ಬಿ.

ಅನುವಾದಕಿ ಬರೆದದ್ದು:

ನಾಲ್ಕೂವರೆ. ‘ಇಂಪ್ಯೂಟೆಡ್ ರೆಂಟ್’ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ನನಗೆ ಬಂದಿರುವ ಹಳೆಯ ಕರಡಿನಲ್ಲಿ ‘ಆರೋಪಿತ ಬಾಡಿಗೆ’ ಎಂದಿದೆ. ಬಾಡಿಗೆ ಯಾವ ಅಪರಾಧ ಮಾಡಿತು?

ಲೆಕ್ಕಿಗ ಬರೆದದ್ದು:

‘ಲೆಕ್ಕಕ್ಕೆ ಹಿಡಿದ ಬಾಡಿಗೆ’. ಸ್ವಂತ ಮನೆಯಲ್ಲಿರುವವರು ಬಾಡಿಗೆ ಕಟ್ಟುವುದಿಲ್ಲ. ಆದರೂ ಅದೇ ಮನೆಗೆ ಹೊರಗಿನವರು ಎಷ್ಟು ಕೊಡುತ್ತಿದ್ದರು ಎಂದು ಊಹಿಸಿ ದೇಶದ ವರಮಾನದ ಲೆಕ್ಕಕ್ಕೆ ಸೇರಿಸುತ್ತಾರೆ. ಸೇರಿಸದಿದ್ದರೆ ಬಾಡಿಗೆದಾರ ಆ ಮನೆಯನ್ನೇ ಕೊಂಡುಕೊಂಡ ದಿನ ವರಮಾನ ಇಳಿದಂತೆ ತೋರುತ್ತದೆ, ಮನೆ ಮಾತ್ರ ಹಾಗೇ ನಿಂತಿರುತ್ತದೆ.

ಒಂದು ಎಚ್ಚರಿಕೆ. ಅದೇ ‘ಇಂಪ್ಯೂಟ್’ ವರದಿಯಲ್ಲಿ ಇನ್ನೊಂದು ಅರ್ಥದಲ್ಲೂ ಬಂದಿರಬಹುದು. ಯಾರಾದರೂ ಬೆಲೆ ಹೇಳದೆ ಬಿಟ್ಟರೆ ಆ ಖಾಲಿ ಜಾಗಕ್ಕೆ ಅದನ್ನೇ ಹೋಲುವ ಇನ್ನೊಂದು ಮನೆಯ ಉತ್ತರವನ್ನು ತುಂಬುತ್ತಾರೆ. ಅದು ‘ತುಂಬಿದ ಉತ್ತರ’. ಎರಡಕ್ಕೂ ಒಂದೇ ಪದ ಹಾಕಬೇಡಿ.

ಕರಡು ತಿದ್ದುವವ ಬರೆದದ್ದು:

ಇಷ್ಟು ಹೊತ್ತು ನಾವು ಕೋಷ್ಟಕದ ತಲೆಬರಹಕ್ಕೇ ಜಗಳ ಆಡಿದೆವು. ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯನ್ನು ಯಾರೂ ನೋಡಲಿಲ್ಲ. ಬೆಲೆ, ಮೌಲ್ಯ ಎರಡೂ ನಾಮಪದ. ‘ಪ್ರೈಸ್’ ಬೇರೆ, ‘ವ್ಯಾಲ್ಯೂ’ ಬೇರೆ ಎಂಬ ಗೆರೆಯನ್ನು ಕನ್ನಡ ನಾಮಪದದಲ್ಲಿ ಎಳೆಯುವುದಿಲ್ಲ, ಕ್ರಿಯಾಪದದಲ್ಲಿ ಎಳೆಯುತ್ತದೆ. ಕೊಟ್ಟದ್ದು ಒಂದು, ಬಾಳುವುದು ಒಂದು. ‘ಬೆಲೆಬಾಳುವ ವಸ್ತು’ ಅಂತೀವಿ, ‘ಮೂರು ಕಾಸಿಗೂ ಬಾಳದ್ದು’ ಅಂತೀವಿ. ಮಾರಬೇಕಾಗಿಲ್ಲ, ಕೊಳ್ಳಬೇಕಾಗಿಲ್ಲ, ಸುಮ್ನೆ ಇದ್ದಲ್ಲೇ ಬಾಳುತ್ತದೆ. ಸಮೀಕ್ಷೆಯವರಿಗೆ ಬೇಕಾದದ್ದು ಇದೇ ಅಲ್ವಾ?

‘ನಿಮ್ಮ ಮನೆ, ಜಾಗ ಸೇರಿ, ಈಗ ಎಷ್ಟು ಬೆಲೆ ಬಾಳುತ್ತದೆ ಅನ್ನಿಸುತ್ತದೆ?’ ಓದು ಬರಹ ಬಾರದವರಿಗೂ ತಿಳಿಯುತ್ತದೆ. ‘ನಿಮ್ಮ ಮನೆಯ ಮೌಲ್ಯವೇನು?’ ಎಂದು ಕೇಳಿದರೆ ಒಳಗೆ ಹೋಗಿ ಓದಿದ ಮಗನನ್ನು ಕರೆದುಕೊಂಡು ಬರುತ್ತಾರೆ. ಆಮೇಲೆ ಸಿಗುವುದು ಮಗನ ಅಂದಾಜು.

ಅಚ್ಚಗನ್ನಡಿಗ ಬರೆದದ್ದು:

ಇದನ್ನೇ ನಾನು ಬೆಳಗಿನಿಂದ ಹೇಳುತ್ತಿದ್ದೆ. ತಲೆಬರಹಕ್ಕೂ ‘ಬಾಳ್ಬೆಲೆ’ ಎಂದು ಮಾಡಿ.

ಎರಡಕ್ಷರ ಬರೆದದ್ದು:

ಬೆಳಗಿನಿಂದ ನೀವು ಹೇಳಿದ್ದು ತಮಿಳು. ಬಾಳ್ಬೆಲೆ ಅಂದರೆ ಬದುಕುವುದಕ್ಕೆ ತಗಲುವ ಖರ್ಚು ಅಂದುಕೊಳ್ಳುತ್ತಾರೆ.

ಲೆಕ್ಕಿಗ ಬರೆದದ್ದು:

‘ಬಾಳುತ್ತದೆ’ ಪ್ರಶ್ನೆಗೆ ಚೆನ್ನ, ಆದರೆ ನನಗೆ ಪೂರ್ತಿ ಸಮಾಧಾನ ಇಲ್ಲ. ಅಜ್ಜ ಕಟ್ಟಿಸಿದ ಮನೆ ಎಷ್ಟು ಬಾಳುತ್ತದೆ ಎಂದು ಕೇಳಿದರೆ ಅಭಿಮಾನದ ಏರು ಇನ್ನೂ ಏರುತ್ತದೆ. ಮೂಲದಲ್ಲಿ ‘ಮಾರಾಟಕ್ಕಿಟ್ಟರೆ’ ಎಂಬುದು ಸುಮ್ಮನೆ ಬಂದಿಲ್ಲ, ಮನಸ್ಸನ್ನು ಮಾರುಕಟ್ಟೆಗೆ ಎಳೆಯುವುದಕ್ಕೇ ಬಂದಿದೆ. ಅದನ್ನು ಬಿಡಬೇಡಿ. ಉತ್ತರಕ್ಕೆ ಖಾಲಿ ಜಾಗ ಕೊಡುತ್ತಾರೋ, ಇಷ್ಟರಿಂದ ಇಷ್ಟು ಎಂಬ ಪಟ್ಟಿಯೋ? ಅಮೆರಿಕದವರು 2008ರಲ್ಲಿ ಪಟ್ಟಿ ಬಿಟ್ಟು ಖಾಲಿ ಜಾಗಕ್ಕೆ ಬಂದರು. ಖಾಲಿ ಜಾಗವಾದರೆ ‘ಅಂಕೆಯಲ್ಲಿ ಬರೆಯಿರಿ’ ಎಂದು ಸೇರಿಸಿ. ಜನ ಹೇಗೂ ಸೊನ್ನೆ ಸೊನ್ನೆಯ ದುಂಡು ಅಂಕೆಯನ್ನೇ ಹೇಳುತ್ತಾರೆ, ಅದಕ್ಕೆ ಮದ್ದಿಲ್ಲ.

ಅನುವಾದಕಿ ಬರೆದದ್ದು:

ಖಾಲಿ ಜಾಗವೇ. ಐದೂ ಮುಕ್ಕಾಲಿಗೆ ಕಡತ ಕಳಿಸಿದೆ. ವರದಿಯ ಹೆಸರು: ‘ಮನೆಯ ಬೆಲೆ ಎಷ್ಟು? ಮನೆಮಂದಿಯನ್ನೇ ಕೇಳಿದ ಸಮೀಕ್ಷೆ’. ಪ್ರಶ್ನೆ: ‘ಈ ಮನೆಯನ್ನು ಜಾಗದ ಸಮೇತ ಈಗ ಮಾರಿದರೆ ಎಷ್ಟು ಬೆಲೆ ಬಾಳಬಹುದು ಎಂದು ನಿಮಗನ್ನಿಸುತ್ತದೆ?’ ಅಂಕಣಗಳು: ಮನೆಯವರ ಅಂದಾಜು ಬೆಲೆ, ತೆರಿಗೆಗೆ ಹಿಡಿದ ಬೆಲೆ, ಕ್ರಯ, ಲೆಕ್ಕಕ್ಕೆ ಹಿಡಿದ ಬಾಡಿಗೆ. ಮಾಲೀಕ, ಒಡೆಯ ಇಬ್ಬರನ್ನೂ ಬಿಟ್ಟೆ. ‘ಅಂದಾಜು’ ಉಳಿಸಿಕೊಂಡೆ, ಬೈಯುವುದಾದರೆ ನಾಳೆ ಬೈಯಿರಿ.

ಅಚ್ಚಗನ್ನಡಿಗ ಬರೆದದ್ದು:

‘ಕ್ರಯ’ದ ಬದಲು ‘ಮಾರಿದ ಬೆಲೆ’ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು?

ಹಳೇ ಮೇಷ್ಟ್ರು ಬರೆದದ್ದು:

ಕಳಿಸಿದ್ದು ‘ಕಡತ’ ಅಂದಿರಲ್ಲ, ತಾಯಿ. ಕಡತ ಅಂದರೆ ಕಪ್ಪು ಬಳಿದು ಮಡಿಸಿದ ಬಟ್ಟೆಯ ಪುಸ್ತಕ, ಬಳಪದಲ್ಲಿ ಬರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಕಳಿಸುವುದಕ್ಕೆ ಆ ಪದ ಹೇಗೆ ಬಂತು? ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ.