ಎಲ್‌ಎಂ358 ಸಿಂಗಲ್ ಸಪ್ಲೈ ರೆಕ್ಟಿಫೈಯರ್: ಸಿಗ್ನಲ್ ಏರಿಸಿದರೆ ನೆಗೆಟಿವ್ ಅರ್ಧ ಹಾಳಾಗುತ್ತಿದೆ

ಪ್ರಶ್ನೆ:
ಡಯೋಡ್ ಇಲ್ಲದ ಫುಲ್ ವೇವ್ ರೆಕ್ಟಿಫೈಯರ್ (ಸಿಗ್ನಲ್‌ನ ನೆಗೆಟಿವ್ ಅರ್ಧವನ್ನೂ ಪಾಸಿಟಿವ್ ಮಾಡುವ ಸರ್ಕ್ಯೂಟ್) ಕಟ್ಟಿದ್ದೇನೆ. ಎರಡು ಆಪ್ ಆಂಪ್ (ಸಿಗ್ನಲ್ ವರ್ಧಕ) ಇರುವ ಒಂದು ಎಲ್‌ಎಂ358 ಐಸಿ, 5 ವೋಲ್ಟ್ ಸಪ್ಲೈ ಅಷ್ಟೇ. ಮೊದಲ ಆಪ್ ಆಂಪ್ ಬರೀ ಫಾಲೋವರ್ (ಇನ್‌ಪುಟ್ ವೋಲ್ಟೇಜನ್ನೇ ಔಟ್‌ಪುಟ್‌ಗೆ ಕೊಡುವಂಥದ್ದು), ಸಿಗ್ನಲ್ ನೇರವಾಗಿ ಅದರ ಪ್ಲಸ್ ಪಿನ್‌ಗೆ. ಅದರ ಔಟ್‌ಪುಟ್ ಎರಡನೆಯದರ ಪ್ಲಸ್‌ಗೆ ಹೋಗುತ್ತದೆ. ಎರಡನೆಯದರ ಮೈನಸ್‌ಗೆ ಸಿಗ್ನಲ್‌ನಿಂದ ಆರ್1, ಔಟ್‌ಪುಟ್‌ನಿಂದ ಆರ್2, ಎರಡೂ 10 ಕಿಲೋಓಮ್. 1 ಕಿಲೋಹರ್ಟ್ಸ್ ಸೈನ್ ಕೊಡುತ್ತಿದ್ದೇನೆ. ಪೀಕ್ 0.2 ವೋಲ್ಟ್ ಇದ್ದಾಗ ಎಲ್ಲ ಸರಿ. 2 ವೋಲ್ಟ್ ಮಾಡಿದರೆ ನೆಗೆಟಿವ್ ಅರ್ಧದಲ್ಲಿ ಔಟ್‌ಪುಟ್ ಸೀದಾ 3.5 ವೋಲ್ಟ್ ಹತ್ತಿರ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ. ಐಸಿ ಬದಲಿಸಿದರೂ ಅದೇ ಕಥೆ.

ಉತ್ತರ:
ಐಸಿ ಕೆಟ್ಟಿಲ್ಲ, ಅದರ ಗುಣವೇ ಹಾಗೆ. ಎಲ್‌ಎಂ358ರ ಇನ್‌ಪುಟ್ ಪಿನ್ ಗ್ರೌಂಡ್‌ಗಿಂತ 0.3 ವೋಲ್ಟ್‌ಗೂ ಕೆಳಗೆ ಇಳಿಯಬಾರದು. ಇಳಿದರೆ ಒಳಗಿನ ಪಿಎನ್‌ಪಿ ಟ್ರಾನ್ಸಿಸ್ಟರಿನ ಕಲೆಕ್ಟರ್-ಬೇಸ್ ಜಂಕ್ಷನ್ ಕರೆಂಟ್ ಹರಿಸತೊಡಗಿ, ಸೊನ್ನೆಯಲ್ಲಿರಬೇಕಾದ ಔಟ್‌ಪುಟ್ ಮೇಲಕ್ಕೆ ಹಾರುತ್ತದೆ. ಈ ಐಸಿಯ ಔಟ್‌ಪುಟ್ ಏರುವುದು ಸಪ್ಲೈಗಿಂತ ಸುಮಾರು 1.5 ವೋಲ್ಟ್ ಕಡಿಮೆವರೆಗೆ. ನಿಮ್ಮ 3.5 ಬಂದದ್ದು ಅಲ್ಲಿಂದಲೇ. ಫಾಲೋವರ್ ಔಟ್‌ಪುಟ್ ನೋಡಿ, ಅದೇ ಮೊದಲು ಹಾರಿರುತ್ತದೆ.

ಎರಡನೇ ಆಪ್ ಆಂಪಿಗೆ ಈ ಅಪಾಯವಿಲ್ಲ, ಅದರ ಮೈನಸ್ ಪಿನ್ ಫೀಡ್‌ಬ್ಯಾಕಿನಿಂದ ಸೊನ್ನೆಯಲ್ಲೇ ನಿಲ್ಲುತ್ತದೆ. ಫಾಲೋವರಿಗೆ ಮಾತ್ರ ರಕ್ಷಣೆ ಕೊಡಿ. ಸಿಗ್ನಲ್ ಮತ್ತು ಪ್ಲಸ್ ಪಿನ್ ನಡುವೆ 10 ಕಿಲೋಓಮ್. ಪಿನ್‌ನಿಂದ ಗ್ರೌಂಡ್‌ಗೆ ಬಿಎಟಿ85 ತರಹದ, ಕಡಿಮೆ ವೋಲ್ಟೇಜಿಗೇ ಕರೆಂಟ್ ಬಿಡುವ ಷಾಟ್ಕಿ ಡಯೋಡ್, ಕ್ಯಾಥೋಡ್ ಪಿನ್ ಕಡೆ. ಸಾಮಾನ್ಯ ಸಿಲಿಕಾನ್ ಡಯೋಡ್ 1ಎನ್4148 ಹಾಕಬೇಡಿ, ಅದು 0.6 ವೋಲ್ಟ್ ಹತ್ತಿರ ಬಂದ ಮೇಲೇ ತಡೆಯುವುದು. ಅಷ್ಟರಲ್ಲಿ ತಡವಾಗಿರುತ್ತದೆ.

ಇನ್ನೊಬ್ಬರು:
ಸುಮ್ನೆ ಟಿಎಲ್072 ಆಪ್ ಆಂಪ್ ಐಸಿ ಹಾಕಿದರೆ ಆಗಲ್ವಾ?

ಉತ್ತರ:
ಆಗಲ್ಲ. ಅದರ ಇನ್‌ಪುಟ್ಟೂ ಔಟ್‌ಪುಟ್ಟೂ ಗ್ರೌಂಡ್‌ವರೆಗೆ ಇಳಿಯುವುದಿಲ್ಲ, ಈ ಸರ್ಕ್ಯೂಟ್ ನಿಂತಿರುವುದೇ ಅದರ ಮೇಲೆ. ಐಸಿ ಬದಲಿಸಲೇಬೇಕು ಅಂದರೆ ಎಂಸಿಪಿ6002 ನೋಡಿ. ಅದರ ಔಟ್‌ಪುಟ್ ಹೀಗೆ ಮೇಲಕ್ಕೆ ಹಾರುವುದಿಲ್ಲ. ಆದರೂ ಪಿನ್‌ಗೆ ಸರಣಿಯಲ್ಲಿ ರೆಸಿಸ್ಟರ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಡಯೋಡ್ ಹಾಕಿದೆ ಸರ್, ಹಾರುವುದು ನಿಂತಿತು. ಆದರೆ ಈಗ ಪಾಸಿಟಿವ್ ಅರ್ಧ 2 ವೋಲ್ಟ್, ನೆಗೆಟಿವ್ ಅರ್ಧ 1.7 ವೋಲ್ಟ್ ಹತ್ತಿರ. ಆರ್1, ಆರ್2 ಅಳೆದೆ, ಎರಡೂ ಸಮ.

ಉತ್ತರ:
ಸಿಗ್ನಲ್ ಪೊಟೆನ್ಷಿಯೋಮೀಟರ್ (ತಿರುಗಿಸಿ ಮಟ್ಟ ಬದಲಿಸುವ ರೆಸಿಸ್ಟರ್) ಮೂಲಕ ಬರುತ್ತಿದೆಯಾ?

ಪ್ರಶ್ನೆ ಕೇಳಿದವರು:
ಹೌದು, 5 ಕಿಲೋಓಮ್‌ದು.

ಉತ್ತರ:
ಹಾಗಾದರೆ ಲೆಕ್ಕ ಸರಿಹೋಯಿತು. ಈ ಸರ್ಕ್ಯೂಟಿನ ಕುತಂತ್ರ ಇದು. ಪಾಸಿಟಿವ್ ಅರ್ಧದಲ್ಲಿ ಆರ್1ರ ಎರಡೂ ತುದಿ ಒಂದೇ ವೋಲ್ಟೇಜಿನಲ್ಲಿರುತ್ತವೆ, ಅದರಲ್ಲಿ ಕರೆಂಟೇ ಹರಿಯುವುದಿಲ್ಲ. ನೆಗೆಟಿವ್ ಅರ್ಧದಲ್ಲಿ ಮಾತ್ರ ಹರಿಯುತ್ತದೆ. ಈಗ ಅದರ ಜೊತೆಗೆ ಷಾಟ್ಕಿ ದಾರಿಯೂ ಸೇರಿದೆ. ಪೊಟೆನ್ಷಿಯೋಮೀಟರಿನ ನಡುಕಾಲು ನಿಂತ ಜಾಗದಲ್ಲಿ ಸುಮಾರು 1 ಕಿಲೋಓಮ್ ಕಾಣಿಸಿದರೂ ಸಾಕು, 2 ವೋಲ್ಟ್ ಕುಸಿದು 1.7 ಆಗುತ್ತದೆ.

ಆರ್1, ಆರ್2 ಎರಡನ್ನೂ 100 ಕಿಲೋಓಮ್ ಮಾಡಿ. ಪಿನ್ ರೆಸಿಸ್ಟರ್ 47 ಕಿಲೋಓಮ್ ಇರಲಿ. ಅದಕ್ಕಿಂತ ಜಾಸ್ತಿ ಬೇಡ, ಷಾಟ್ಕಿಯ ಸೋರಿಕೆ ಕರೆಂಟಿನಿಂದ ಪಾಸಿಟಿವ್ ಅರ್ಧ ತಪ್ಪತೊಡಗುತ್ತದೆ. ಆಗ ನೆಗೆಟಿವ್ ಅರ್ಧ 1.94 ಹತ್ತಿರ ಬರಬೇಕು. ಉಳಿದ ಕೊರತೆಗೆ ಆರ್2ರ ಸರಣಿಯಲ್ಲಿ 10 ಕಿಲೋಓಮ್ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕಿ ತಿರುಗಿಸಿ. ಆರ್2 ಬದಲಾದರೆ ನೆಗೆಟಿವ್ ಅರ್ಧ ಮಾತ್ರ ಬದಲಾಗುತ್ತದೆ, ಹೊಂದಿಸುವುದು ಸುಲಭ. ಪೊಟೆನ್ಷಿಯೋಮೀಟರ್ ಆಮೇಲೆ ಮುಟ್ಟಿದರೆ ಮತ್ತೆ ಹೊಂದಿಸಬೇಕು.

ಪ್ರಶ್ನೆ ಕೇಳಿದವರು:
ಎರಡೂ ಸಮ ಬಂತು! ಇದೇ ಸರ್ಕ್ಯೂಟಿಗೆ 20 ಕಿಲೋಹರ್ಟ್ಸ್ ಕೊಡಬಹುದಾ?

ಉತ್ತರ:
ಈ ಐಸಿಯಲ್ಲಿ ಬೇಡ. 2 ವೋಲ್ಟ್ ಪೀಕಿನ 20 ಕಿಲೋಹರ್ಟ್ಸ್‌ಗೆ ಮೈಕ್ರೋಸೆಕೆಂಡಿಗೆ 0.25 ವೋಲ್ಟ್ ಏರುವ ವೇಗ ಬೇಕು, ಎಲ್‌ಎಂ358ರದ್ದು 0.3ರ ಆಸುಪಾಸು, ತೀರಾ ಅಂಚಿನಲ್ಲಿದೆ. ಮೇಲಾಗಿ ಫಾಲೋವರ್ ಪ್ರತಿ ಸಲ ಗ್ರೌಂಡಿಗೆ ಅಂಟಿಕೊಂಡಲ್ಲಿಂದ ಬಿಡಿಸಿಕೊಂಡು ಮೇಲೇಳಬೇಕಲ್ವಾ, ಅದಕ್ಕೂ ಸಮಯ ಹಿಡಿಯುತ್ತದೆ. ಸೊನ್ನೆ ದಾಟುವ ಜಾಗದಲ್ಲಿ ಚೂಪಾದ ಮೂಲೆ ಬದಲು ಗಲೀಜು ಕಾಣುತ್ತದೆ.