ಕ್ಯಾಲ್ಡೆರಾಕ್ಕೆ ಕೊಪ್ಪರಿಗೆ ಅನ್ನಬಹುದೇ?

ಗೆಳೆಯರೇ,

ಮೊನ್ನೆ ಅಮ್ಮನನ್ನು ಕರೆದುಕೊಂಡು ಸ್ಪೇನಿನ ಟೆನೆರೀಫ್ ದ್ವೀಪಕ್ಕೆ ಹೋಗಿ ಬಂದೆ. ಆಫ್ರಿಕಾದ ಪಶ್ಚಿಮಕ್ಕಿರುವ ಕೆನರಿ ದ್ವೀಪಗಳಲ್ಲಿ ಇದೇ ದೊಡ್ಡದು. ಅಲ್ಲಿಗೆ ಹೋಗುವವರು ಜಾಸ್ತಿ ಸಮುದ್ರಕ್ಕೇ ಹೋಗುತ್ತಾರೆ. ನಾವು ಬೆಟ್ಟಕ್ಕೆ ಹೋದೆವು. ಈಗ ನಮ್ಮ ಕನ್ನಡ ಸಂಘದ ಸಂಚಿಕೆಗೆ ನಾಲ್ಕು ಪುಟ ಬರೆಯಲು ಕೂತರೆ ಎರಡನೇ ಪ್ಯಾರಾದಲ್ಲೇ ಗಾಡಿ ನಿಂತಿದೆ. ಕ್ಯಾಲ್ಡೆರಾಕ್ಕೆ, ಅಂದರೆ ಜ್ವಾಲಾಮುಖಿ ಬೆಟ್ಟ ಕುಸಿದು ಆಗುವ ದೊಡ್ಡ ತಗ್ಗಿಗೆ, ಕನ್ನಡದಲ್ಲಿ ಏನನ್ನೋಣ?

ಜಾಗ ಹೀಗಿದೆ. ನಡುವೆ ಟೇಯ್ಡೆ ಅನ್ನುವ ಜ್ವಾಲಾಮುಖಿ ಬೆಟ್ಟ, 3,715 ಮೀಟರ್, ಇಡೀ ಸ್ಪೇನಿಗೇ ಎತ್ತರದ್ದು. ಅದರ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಮೇಲೆ, ಹದಿನಾರು ಕಿಲೋಮೀಟರಿನಷ್ಟು ಅಗಲದ ತಗ್ಗು. ಒಂದು ಕಡೆ ಕಡಿದಾದ ಗೋಡೆ, ಉತ್ತರಕ್ಕೆ ಗೋಡೆಯೇ ಇಲ್ಲ. ಹಳೆಯ ಬೆಟ್ಟ ಕುಸಿದು ಈ ತಗ್ಗು ಆಯಿತು. ಟೇಯ್ಡೆ ಆಮೇಲೆ ಅದರೊಳಗಿಂದ ಎದ್ದದ್ದು.

ಕ್ರೇಟರಿಗೆ ನಮ್ಮ ಪಠ್ಯಗಳಲ್ಲಿ 'ಜ್ವಾಲಾಮುಖಿ ಕುಳಿ' ಅಂತ ಓದಿದ ನೆನಪು. ಇದಕ್ಕೂ ಕುಳಿ ಅಂದುಬಿಟ್ಟರೆ? ನನಗೆ ಒಪ್ಪಿಗೆಯಿಲ್ಲ. ಬಾಳೆಗಿಡ ನೆಡಲು ತೋಡುವುದೂ ಕುಳಿಯೇ ಅಲ್ವಾ. ಅದೂ ಅಲ್ಲದೆ ಕ್ರೇಟರ್ ಅಂದರೆ ಲಾವಾ ಹೊರಬರುವ ಬಾಯಿ, ಕ್ಯಾಲ್ಡೆರಾ ಅಂದರೆ ಒಳಗೆ ಟೊಳ್ಳಾಗಿ ಕುಸಿದ ನೆಲ. ಎರಡಕ್ಕೂ ಒಂದೇ ಪದ ಸಾಲದು.

ತಮಾಷೆ ಅಂದರೆ, ಎರಡೂ ಮೂಲದಲ್ಲಿ ಪಾತ್ರೆಯ ಹೆಸರುಗಳು. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸುತ್ತಿದ್ದ ಪಾತ್ರೆ ಕ್ರೇಟರ್. ಸ್ಪ್ಯಾನಿಷ್ ಮಂದಿ ಕುದಿಸಲು ಇಡುವ ದೊಡ್ಡ ಪಾತ್ರೆ ಕ್ಯಾಲ್ಡೆರಾ. ಪಕ್ಕದ ಲಾ ಪಾಲ್ಮಾ ದ್ವೀಪದಲ್ಲಿ ಕ್ಯಾಲ್ಡೆರಾ ದೆ ತಬುರಿಯೆಂತೆ ಅಂತ ಒಂದು ಮಹಾ ತಗ್ಗಿದೆ. ಊರ ಜನ ಕರೆಯುತ್ತಿದ್ದ ಆ ಮಾತನ್ನೇ ಭೂವಿಜ್ಞಾನಿಗಳು ಎತ್ತಿಕೊಂಡರು. ಅವರು ಅಡುಗೆಮನೆಯಿಂದ ಪದ ತಂದಿದ್ದರೆ ನಾವು ಸಂಸ್ಕೃತದ ನಿಘಂಟಿಗೇ ಯಾಕೆ ಓಡಬೇಕು?

ಕೊಪ್ಪರಿಗೆ ನನ್ನ ತಲೆಯಿಂದ ಬಂದದ್ದಲ್ಲ. ಗಾರ್ಸಿಯಾ ಬಂಡೆಗಳ ಹತ್ತಿರ ಕಾರು ನಿಲ್ಲಿಸಿ ಕೆಳಗೆ ನೋಡುತ್ತಿದ್ದೆವು. ಕಂದು, ಕಪ್ಪು, ಅಲ್ಲಲ್ಲಿ ಹಳದಿ. ಅಮ್ಮ ಸೆರಗು ಬಿಗಿಯಾಗಿ ಸುತ್ತಿಕೊಂಡು, "ಆಲೆಮನೆ ಕೊಪ್ಪರಿಗೆ ತಳ ಹಿಡಿದ ಹಾಗಿದೆ ಕಣೋ" ಅಂದರು. ಶಿರಸಿ ಕಡೆಯವರು, ಕಬ್ಬಿನ ಹಾಲು ಕುದಿಯುವುದನ್ನು ನೋಡಿಯೇ ಬೆಳೆದವರು. ಅಗಲ ಬಾಯಿ, ಕಮ್ಮಿ ಆಳ, ತಳದಲ್ಲಿ ಕರಿ ಹತ್ತಿದ ಪಾಕ. ಹಂಡೆ ಅಂದರೆ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ಹೊಂದುವುದಿಲ್ಲ. ಬಾಣಲೆ ತೀರಾ ಚಿಕ್ಕದಾಯಿತು. ಕೊಪ್ಪರಿಗೆ ಕುಸಿದು ಆಗುವುದಲ್ಲವಲ್ಲ ಅಂತ ಯಾರಾದರೂ ತಕರಾರು ತೆಗೆದಾರು. ಸ್ಪ್ಯಾನಿಷ್ ಪಾತ್ರೆಯೂ ಕುಸಿದು ಆದದ್ದಲ್ಲ!

ಇನ್ನೊಂದು ಪದ ಮಾಲ್ಪಾಯಿಸ್. ಲಾವಾ ಹೆಪ್ಪುಗಟ್ಟಿದ ಮೊನಚು ಕಲ್ಲಿನ ಬಯಲು. ಮಾತಿಗೆ ಮಾತು ಇಟ್ಟರೆ 'ಕೆಟ್ಟ ನೆಲ'. ನೇಗಿಲೂ ಇಳಿಯದು, ಕಾಲೂ ಊರದು. ಅಮ್ಮನಿಗೆ 'ಮಲ್ಪೆ' ಅಂತ ಕೇಳಿಸಿತು. ಸುಮ್ನೆ ನಗುವ ಹಾಗಿಲ್ಲ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಲಾವಾ ತಣಿದು ಆದವೇ. ಮಾಲ್ಪಾಯಿಸಿನ ಕಲ್ಲಿಗೆ ನಾನು 'ಕಿಟ್ಟಗಲ್ಲು' ಅಂತ ಬರೆದಿದ್ದೇನೆ. ಕಬ್ಬಿಣ ಕಾಯಿಸಿದಾಗ ಉಳಿಯುವ ಕಿಟ್ಟದ ಹಾಗೇ ತೂತು ತೂತು.

ಬರಾಂಕೊ ಮಾತ್ರ ಕೈಗೆ ಸಿಗುತ್ತಿಲ್ಲ. ಬೆಟ್ಟದಿಂದ ಸಮುದ್ರದವರೆಗೆ ಸೀಳಿಕೊಂಡು ಹೋಗುವ ಆಳದ ಕಂದರ, ಮಳೆ ಬಂದಾಗಷ್ಟೇ ನೀರು. 'ಹಳ್ಳ' ಅಂದರೆ ಆಳ ಹೋಯಿತು, 'ಕಮರಿ' ಅಂದರೆ ನೀರು ಹೋಯಿತು. ಮಲೆನಾಡಿನ 'ಕೊಲ್ಲಿ' ಹೊಂದುತ್ತದೆ, ಆದರೆ ಬಯಲುಸೀಮೆಯವರು ಬಂಗಾಳ ಕೊಲ್ಲಿ ಅಂದುಕೊಂಡಾರು.

ಕೊನೆಯದು ಕ್ರಿಯಾಪದ. ಟೆನೆರೀಫಿನಲ್ಲಿ ಕಡೆಯ ಸಲ 1909ರ ನವೆಂಬರಿನಲ್ಲಿ ಚಿನ್ಯೇರೊ ಅನ್ನುವ ಜ್ವಾಲಾಮುಖಿ ಹತ್ತು ದಿನ ಲಾವಾ ಹರಿಸಿತು. ನಮ್ಮ ಪತ್ರಿಕೆಗಳಾದರೆ 'ಸ್ಫೋಟ' ಅಂತ ಹಾಕುತ್ತವೆ. ಹರಿದದ್ದಕ್ಕೆ ಸ್ಫೋಟ ಯಾಕೆ? ನಾನು 'ಉಕ್ಕಿತು' ಅಂದಿದ್ದೇನೆ, ಹಾಲು ಉಕ್ಕಿದ ಹಾಗೆ.

ಮಂಡ್ಯ ಕಡೆಯವರು ಯಾರಾದರೂ ಇದ್ದರೆ ಹೇಳಿ: ನಿಮ್ಮ ಆಲೆಮನೆಯಲ್ಲೂ ಅದು ಕೊಪ್ಪರಿಗೆಯೇನಾ? ತಳ ಹಿಡಿದ ಬೆಲ್ಲಕ್ಕೆ ಬೇರೆ ಹೆಸರೇನಾದರೂ ಇದೆಯಾ?